ಜರ್ಮನಿಯಲ್ಲಿ ಅಗ್ಗದ ರೈಲು ಟಿಕೆಟ್: ಶ್ಪಾರ್‌ಪ್ರೈಸ್ ಹಿಡಿಯುವುದು ಹೇಗೆ?

ಗುರುವಾರ ರಾತ್ರಿ ಹತ್ತೂವರೆಗೆ ಫೋನ್ ಬಂತು. ದಾವಣಗೆರೆಯ ಹುಡುಗ. ಕಾರ್ಲ್ಸ್‌ರೂಹೆಗೆ ಎಂಎಸ್ ಓದಲು ಬಂದು ಆರು ವಾರ ಆಗಿತ್ತು. ಮರುದಿನ ಸಂಜೆ ಬರ್ಲಿನ್‌ಗೆ ಹೋಗಬೇಕಂತೆ.

"ಅಣ್ಣಾ, ಇಲ್ಲಿ ತತ್ಕಾಲ್ ಎಷ್ಟೊತ್ತಿಗೆ ಓಪನ್ ಆಗುತ್ತೆ?"

ನಗು ಬಂತು, ಆದರೆ ನಗುವ ಹಾಗಿರಲಿಲ್ಲ. ಬಂದ ಹೊಸತರಲ್ಲಿ ನಾನೂ ಹಾಗೇ ಯೋಚಿಸುತ್ತಿದ್ದೆ. ನಮ್ಮೂರಲ್ಲಿ ರೈಲಿನ ದರ ಹೆಚ್ಚುಕಮ್ಮಿ ಮೊದಲೇ ಗೊತ್ತಿರುತ್ತದೆ. ಬರ್ತ್ ಸಿಗುತ್ತದೋ ಇಲ್ಲವೋ ಅನ್ನುವುದೇ ಚಿಂತೆ. ಇಲ್ಲಿ ಅದು ಪೂರ್ತಿ ಉಲ್ಟಾ. ವೇಟಿಂಗ್ ಲಿಸ್ಟ್ ಇಲ್ಲ, ಆರ್‌ಎಸಿ ಇಲ್ಲ, ಚಾರ್ಟ್ ಇಲ್ಲ. ರೈಲು ಹೊರಡಲು ಐದು ನಿಮಿಷ ಇರುವಾಗಲೂ ಟಿಕೆಟ್ ಸಿಗುತ್ತದೆ. ಎಷ್ಟಕ್ಕೆ ಅನ್ನುವುದೇ ಪ್ರಶ್ನೆ. ಅವನು ನೋಡಿದ ಶುಕ್ರವಾರ ಸಂಜೆಯ ರೈಲಿಗೆ 140 ಯೂರೊ ದಾಟಿತ್ತು. ಅದೇ ಡಬ್ಬಿಯಲ್ಲಿ, ಅವನ ಪಕ್ಕದ ಸೀಟಿನಲ್ಲಿ, 30 ಯೂರೊ ಕೊಟ್ಟವರೂ ಕೂತಿರುತ್ತಾರೆ.

ಪಕ್ಕದವರು ಅದೃಷ್ಟವಂತರೇನಲ್ಲ. ಅವರು ಏನನ್ನೋ ಬಿಟ್ಟುಕೊಟ್ಟಿದ್ದಾರೆ. ಬೇಕಾದ ರೈಲು ಹತ್ತುವ ಸ್ವಾತಂತ್ರ್ಯ, ಟಿಕೆಟ್ ವಾಪಸ್ ಮಾಡುವ ಹಕ್ಕು, ಇಲ್ಲವೇ ಶುಕ್ರವಾರ ಸಂಜೆಯ ಅನುಕೂಲ. ಹಾಗಾಗಿ ಆ್ಯಪ್ ತೆರೆಯುವ ಮೊದಲು ಒಂದು ನಿಮಿಷ ಕೂತು ಯೋಚಿಸಿ: ಈ ಪ್ರಯಾಣದಲ್ಲಿ ಏನನ್ನು ಬಿಡಬಹುದು, ಏನನ್ನು ಬಿಡಲು ಆಗುವುದೇ ಇಲ್ಲ?

ಮೊದಲ ಹೆಜ್ಜೆ: ಮೂರು ಟಿಕೆಟ್‌ಗಳ ಗುರುತು

ಜರ್ಮನಿಯ ರೈಲ್ವೆ ಕಂಪನಿ ಡಾಯ್ಚ ಬಾನ್‌ನ ದೂರದ ರೈಲುಗಳಾದ ಐಸಿಇ, ಐಸಿಗಳಿಗೆ ಮುಖ್ಯವಾಗಿ ಮೂರು ಬಗೆಯ ಟಿಕೆಟ್ ಇವೆ.

ಫ್ಲೆಕ್ಸ್‌ಪ್ರೈಸ್ ದುಬಾರಿ. ಆದರೆ ಟಿಕೆಟ್ ಇರುವ ದಿನ ಆ ದಾರಿಯಲ್ಲಿ ಯಾವ ರೈಲನ್ನಾದರೂ ಹತ್ತಬಹುದು. ಕಂಪನಿ ದುಡ್ಡಲ್ಲಿ ಓಡಾಡುವವರಿಗೆ ಸರಿ.

ಶ್ಪಾರ್‌ಪ್ರೈಸ್ ಅಂದರೆ ಉಳಿತಾಯದ ದರ. ಇದು ನೀವು ಆರಿಸಿದ ರೈಲಿಗೆ ಮಾತ್ರ. ಪ್ರಯಾಣದ ಹಿಂದಿನ ದಿನದವರೆಗೂ ರದ್ದು ಮಾಡಬಹುದು, ಆದರೆ 10 ಯೂರೊ ಮುರಿದುಕೊಳ್ಳುತ್ತಾರೆ.

ಸೂಪರ್ ಶ್ಪಾರ್‌ಪ್ರೈಸ್ ಎಲ್ಲಕ್ಕಿಂತ ಅಗ್ಗ. ರದ್ದು ಮಾಡುವ ಹಾಗಿಲ್ಲ. ಕೊಂಡರೆ ಕೊಂಡ ಹಾಗೆ.

ಕೊನೆಯ ಎರಡಕ್ಕೂ ಒಂದು ಕಟ್ಟು ಇದೆ. ಜರ್ಮನ್ನರು ತ್ಸೂಗ್‌ಬಿಂಡುಂಗ್ ಅನ್ನುತ್ತಾರೆ. ಅಂದರೆ ಟಿಕೆಟ್ಟನ್ನು ಒಂದೇ ರೈಲಿಗೆ ಕಟ್ಟಿಹಾಕುವುದು. ಈ ಪದವನ್ನು ನಾನು ಕಲಿತದ್ದು ದುಡ್ಡು ಕೊಟ್ಟು. ಒಮ್ಮೆ ಸ್ಟೇಷನ್‌ಗೆ ಬೇಗ ತಲುಪಿದ್ದೆ. ಒಂದು ಗಂಟೆ ಮುಂಚಿನ ರೈಲು ಪ್ಲಾಟ್‌ಫಾರ್ಮ್‌ನಲ್ಲೇ ನಿಂತಿತ್ತು, ಅರ್ಧ ಖಾಲಿ. ಅದೇ ಊರಿಗೆ ತಾನೇ ಹೋಗೋದು ಅಂತ ಹತ್ತಿ ಕೂತೆ. ಟಿಕೆಟ್ ನೋಡಲು ಬಂದವರು ಬಹಳ ಸೌಜನ್ಯದಿಂದ, "ಇದು ನಿಮ್ಮ ರೈಲಲ್ಲ" ಅಂದರು. ಉಳಿಸಿದ ದುಡ್ಡಿನ ಎರಡರಷ್ಟು ಅಲ್ಲೇ ಹೋಯಿತು. ತಪ್ಪು ನನ್ನದೇ. ಟಿಕೆಟ್ ಮೇಲೆ ರೈಲಿನ ನಂಬರ್ ದಪ್ಪಗೆ ಬರೆದಿತ್ತು.

ಒಂದು ಸಮಾಧಾನ ಇದೆ. ಈ ಕಟ್ಟು ಇರುವುದು ದೂರದ ರೈಲುಗಳಿಗೆ ಮಾತ್ರ. ಅದೇ ಟಿಕೆಟ್‌ನಲ್ಲಿ ಆರ್‌ಇ, ಆರ್‌ಬಿ ಅಥವಾ ಎಸ್-ಬಾನ್‌ನಂಥ ಸ್ಥಳೀಯ ರೈಲು ಸೇರಿದ್ದರೆ ಅವನ್ನು ಸ್ವಲ್ಪ ಮುಂಚೆ ಬೇಕಾದರೂ ಹತ್ತಬಹುದು.

ಯಾವಾಗ ಕೊಳ್ಳಬೇಕು?

ಪ್ರತಿ ರೈಲಿಗೂ ಅಗ್ಗದ ಟಿಕೆಟ್ ಇಂತಿಷ್ಟೇ ಅಂತ ಕೋಟಾ ಇರುತ್ತದೆ. ಅದು ಮುಗಿದಂತೆ ದರ ಮೆಟ್ಟಿಲು ಹತ್ತುತ್ತದೆ. ಜನ ನುಗ್ಗುವ ರೈಲಿಗೆ ಬೇಗ ಹತ್ತುತ್ತದೆ, ಯಾರೂ ಕೇಳದ ರೈಲಿಗೆ ಹೊರಡುವ ದಿನವೂ ಕೆಳಗೇ ಇರುತ್ತದೆ.

ನಮ್ಮಲ್ಲಿ 2024ರ ನವೆಂಬರ್‌ನಿಂದ 60 ದಿನ ಮುಂಚೆ ಮಾತ್ರ ಬುಕ್ ಮಾಡಲು ಆಗುತ್ತದೆ. ಇಲ್ಲಿ ಮುಂಚೆ ಆರು ತಿಂಗಳಿತ್ತು, ಈಗ ಹನ್ನೆರಡು ತಿಂಗಳವರೆಗೆ ಬುಕ್ ಮಾಡಬಹುದು. ಹಾಗಂತ ಎಲ್ಲ ಟಿಕೆಟ್ಟನ್ನೂ ವರ್ಷ ಮುಂಚೆ ಕೊಳ್ಳುವುದು ಹುಚ್ಚುತನ. ಮಾಮೂಲಿ ದಿನಗಳಿಗೆ ಆರರಿಂದ ಎಂಟು ವಾರ ಮುಂಚೆ ನೋಡಿದರೆ ಸಾಕು ಅನ್ನುವುದು ನನ್ನ ಲೆಕ್ಕ. ಅದಕ್ಕಿಂತ ಮೊದಲೇ ಕೊಂಡರೆ ಉಳಿಯುವುದು ಒಂದೆರಡು ಯೂರೊ. ಅಷ್ಟರೊಳಗೆ ಪರೀಕ್ಷೆ ತಾರೀಕು ಬದಲಾದರೆ ಪೂರ್ತಿ ಹೋಯಿತು.

ಕ್ರಿಸ್ಮಸ್, ಈಸ್ಟರ್, ಉದ್ದದ ವಾರಾಂತ್ಯಗಳ ಕಥೆ ಬೇರೆ. ಮ್ಯೂನಿಕ್ ಕಡೆ ಅಕ್ಟೋಬರ್‌ಫೆಸ್ಟ್ ಇರುವ ವಾರಾಂತ್ಯಗಳೂ ಹಾಗೇ. ಇವಕ್ಕೆಲ್ಲ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಇಲ್ಲಿ ರೈಲು ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರ್ ಮಧ್ಯದಲ್ಲಿ ಬದಲಾಗುತ್ತದೆ. ಹೊಸ ಪಟ್ಟಿಯ ಟಿಕೆಟ್‌ಗಳು ಅಕ್ಟೋಬರ್ ಹೊತ್ತಿಗೆ ತೆರೆಯುತ್ತವೆ. ಕ್ರಿಸ್ಮಸ್ ರಜೆಗೆ ಎಲ್ಲಾದರೂ ಹೋಗುವವರು ದಸರಾ ಮುಗಿದ ಕೂಡಲೇ ಒಮ್ಮೆ ಆ್ಯಪ್ ನೋಡಿ. ನಾನು ನೆನಪಿಟ್ಟುಕೊಳ್ಳುವುದು ಹಾಗೇ.

ವಾರದಲ್ಲಿ ಮಂಗಳವಾರ, ಬುಧವಾರ ಅಗ್ಗ. ಶನಿವಾರ ಮಧ್ಯಾಹ್ನವೂ ಪರವಾಗಿಲ್ಲ. ಶುಕ್ರವಾರ ಮಧ್ಯಾಹ್ನದ ಮೇಲೆ, ಭಾನುವಾರ ಸಂಜೆ, ಇವೆರಡನ್ನು ತಪ್ಪಿಸಿದರೇ ಅರ್ಧ ಕೆಲಸ ಆದಂತೆ.

ಹುಡುಕುವುದು: ಫೋನ್ ಕೈಯಲ್ಲಿ ಹಿಡಿದು

ಡಾಯ್ಚ ಬಾನ್‌ನ ಡಿಬಿ ನಾವಿಗೇಟರ್ ಆ್ಯಪ್ ತೆರೆಯಿರಿ. ಹೊರಡುವ ಊರು, ತಲುಪುವ ಊರು, ತಾರೀಕು ಹಾಕಿ. ಎಷ್ಟು ಜನ, ವಯಸ್ಸೆಷ್ಟು ಅನ್ನುವ ಕಡೆ ಸುಮ್ನೆ ಒಂದು ಅಂತ ಬಿಟ್ಟು ಮುಂದೆ ಹೋಗಬೇಡಿ. 27 ತುಂಬದವರಿಗೆ ಬೇರೆಯೇ ಅಗ್ಗದ ದರ ಇದೆ. ವಯಸ್ಸು ಸರಿಯಾಗಿ ಹಾಕದಿದ್ದರೆ ಅದು ಕಾಣುವುದೇ ಇಲ್ಲ. ಓದುವ ಮಕ್ಕಳು ಇದೊಂದರಲ್ಲೇ ಎಷ್ಟೋ ದುಡ್ಡು ಕಳೆಯುತ್ತಾರೆ.

ಈಗ ಬೆಸ್ಟ್‌ಪ್ರೈಸ್ ಅನ್ನುವ ಗುಂಡಿ ಒತ್ತಿ. ಇಡೀ ದಿನವನ್ನು ಹೊತ್ತುಹೊತ್ತಾಗಿ ತುಂಡು ಮಾಡಿ, ಯಾವ ಹೊತ್ತಿನಲ್ಲಿ ಎಷ್ಟು ಕಡಿಮೆಗೆ ಹೋಗಬಹುದು ಅಂತ ತೋರಿಸುತ್ತದೆ. ಮುಂದಿನ ದಿನ, ಹಿಂದಿನ ದಿನವನ್ನೂ ಹೀಗೇ ನೋಡಿ. ಆ ಗುರುವಾರ ರಾತ್ರಿ ಫೋನ್ ಹಿಡಿದೇ ಹುಡುಗನಿಗೆ ಇದನ್ನು ಮಾಡಿಸಿದೆ. ಶುಕ್ರವಾರ ರಾತ್ರಿ ಒಂಬತ್ತರ ನಂತರ ಕೆಳಗಿಳಿದಿತ್ತು, ಆದರೆ ತಲುಪುವುದು ನಡುರಾತ್ರಿ ದಾಟಿ. ಶನಿವಾರ ಬೆಳಗಿನ ಜಾವದ ರೈಲು 50 ಯೂರೊ ಆಸುಪಾಸು. "ಐದೂವರೆಗೆ ಏಳಬೇಕಾ ಅಣ್ಣಾ?" ಅಂದ. ತೊಂಬತ್ತು ಯೂರೊ ಉಳಿಸಲು ಒಂದು ದಿನ ಬೇಗ ಏಳಬಹುದು, ಅಲ್ವಾ? ಎದ್ದ, ಡಬ್ಬಿಗೆ ಒಗ್ಗರಣೆ ಮಂಡಕ್ಕಿ ತುಂಬಿಕೊಂಡು ಹೋದ.

ಇಷ್ಟಕ್ಕೇ ನಿಲ್ಲಿಸಬೇಡಿ. ಆ್ಯಪ್ ತಾನಾಗಿ ವೇಗದ ರೈಲುಗಳನ್ನಷ್ಟೇ ತೋರಿಸುತ್ತಿರಬಹುದು. ಆಯ್ಕೆಗಳ ಪುಟದಲ್ಲಿ ಆ ಗುರುತು ತೆಗೆಯಿರಿ. ಒಂದು ಗಂಟೆ ಜಾಸ್ತಿ ಹಿಡಿಯುವ ಐಸಿ ರೈಲು ಎಷ್ಟೋ ಸಲ ಇಪ್ಪತ್ತು ಯೂರೊ ಕಡಿಮೆ ಇರುತ್ತದೆ.

ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ದರ ನಿರ್ಧಾರವಾಗುವುದು ದಾರಿಯ ಅತಿ ಇಕ್ಕಟ್ಟಿನ ತುಂಡಿನ ಮೇಲೆ. ಕಾರ್ಲ್ಸ್‌ರೂಹೆಯಿಂದ ಬರ್ಲಿನ್‌ಗೆ ನೇರ ಐಸಿಇ ಫ್ರಾಂಕ್‌ಫರ್ಟ್, ಕಾಸೆಲ್, ಗೊಟಿಂಗೆನ್ ಮೇಲೆ ಹೋಗುತ್ತದೆ. ಫ್ರಾಂಕ್‌ಫರ್ಟ್ ಸುತ್ತಮುತ್ತ ತುಂಬಿದ್ದರೆ ಇಡೀ ದಾರಿಯ ಬೆಲೆ ಏರುತ್ತದೆ. ಆಗ ನಡುವಿನ ನಿಲ್ದಾಣ ಸೇರಿಸುವ ಜಾಗದಲ್ಲಿ ನ್ಯೂರ್ನ್‌ಬರ್ಗ್ ಅಂತ ಹಾಕಿ ನೋಡಿ. ಸುತ್ತುದಾರಿಯಾದರೂ ಒಮ್ಮೊಮ್ಮೆ ಅಗ್ಗ. ಅದೇ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅಂತಲೂ ಹೇಳಬಹುದು. ಗೊಟಿಂಗೆನ್‌ನಲ್ಲಿ ಮೂರು ಗಂಟೆ ಅಂತ ಹಾಕಿದರೆ, ಇಳಿದು ಊರು ನೋಡಿ ಊಟ ಮಾಡಿ ಮುಂದಿನ ರೈಲು ಹತ್ತಬಹುದು, ಎಲ್ಲ ಒಂದೇ ಟಿಕೆಟ್‌ನಲ್ಲಿ. ಕೆಲವೊಮ್ಮೆ ಇಳಿದು ಹತ್ತುವುದೇ ನೇರ ಹೋಗುವುದಕ್ಕಿಂತ ಕಡಿಮೆಗೆ ಬೀಳುತ್ತದೆ.

ರೈಲು ಬದಲಿಸಬೇಕಿದ್ದರೆ ನಡುವೆ ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ಬೇಕು ಅಂತ ಆ್ಯಪ್‌ಗೇ ಹೇಳಿಡಿ. ಆರು ನಿಮಿಷದಲ್ಲಿ ಎರಡು ಸೂಟ್‌ಕೇಸ್ ಎಳೆದುಕೊಂಡು ಪ್ಲಾಟ್‌ಫಾರ್ಮ್ 3ರಿಂದ 12ಕ್ಕೆ ಓಡುವುದು ಬೇಡ. 2024ರಲ್ಲಿ ಡಾಯ್ಚ ಬಾನ್‌ನ ದೂರದ ರೈಲುಗಳಲ್ಲಿ ಸಮಯಕ್ಕೆ ಸರಿಯಾಗಿ ಬಂದವು 62.5 ಶೇಕಡಾ ಮಾತ್ರ. ಅದೂ ಆರು ನಿಮಿಷಕ್ಕಿಂತ ಕಡಿಮೆ ತಡವಾದರೆ "ಸಮಯಕ್ಕೆ ಸರಿ" ಅಂತಲೇ ಲೆಕ್ಕ.

ಮೊದಲ ದರ್ಜೆಯ ಬೆಲೆಯನ್ನೂ ಒಮ್ಮೆ ಕಣ್ಣಾಡಿಸಿ. ಎರಡನೇ ದರ್ಜೆ ತುಂಬಿದ ರೈಲಿನಲ್ಲಿ ನಾಲ್ಕೈದು ಯೂರೊ ಅಷ್ಟೇ ವ್ಯತ್ಯಾಸ ಇರುವುದುಂಟು.

ಬಾನ್‌ಕಾರ್ಡ್ ಬೇಕಾ?

ಬಾನ್‌ಕಾರ್ಡ್ ಅಂದರೆ ಡಾಯ್ಚ ಬಾನ್‌ನ ರಿಯಾಯಿತಿ ಕಾರ್ಡ್. ಇದನ್ನು ಕೇಳದವರಿಲ್ಲ. ಗಣಿತ ಸುಲಭ. ಬಾನ್‌ಕಾರ್ಡ್ 25 ಇದ್ದರೆ ಮೇಲಿನ ಮೂರೂ ಬಗೆಯ ಟಿಕೆಟ್‌ಗೂ, ಸೂಪರ್ ಶ್ಪಾರ್‌ಪ್ರೈಸ್‌ಗೂ, ಕಾಲು ಭಾಗ ರಿಯಾಯಿತಿ. ಎರಡನೇ ದರ್ಜೆಯ ಕಾರ್ಡ್‌ಗೆ ವರ್ಷಕ್ಕೆ 62.90 ಯೂರೊ. ಅಂದರೆ ವರ್ಷದಲ್ಲಿ ನಿಮ್ಮ ಟಿಕೆಟ್‌ಗಳ ಮೊತ್ತ 252 ಯೂರೊ ಮುಟ್ಟಿದರೆ ಕಾರ್ಡಿನ ದುಡ್ಡು ಹುಟ್ಟುತ್ತದೆ. ಅದರ ಮೇಲಿನದೆಲ್ಲ ಲಾಭ. 30 ಯೂರೊ ಟಿಕೆಟ್‌ಗಳಾದರೆ ಎಂಟೊಂಬತ್ತು ಪ್ರಯಾಣ. ಹೋಗಿ ಬರುವುದು ಎರಡು ಅಂತ ಲೆಕ್ಕ ಹಾಕಿದರೆ ವರ್ಷಕ್ಕೆ ನಾಲ್ಕೈದು ಸಲ ಊರು ಬಿಟ್ಟರೆ ಸಾಕು. 27ರೊಳಗಿನವರಿಗೂ 65 ದಾಟಿದವರಿಗೂ ಕಾರ್ಡ್ ಇನ್ನೂ ಅಗ್ಗ.

ಬಾನ್‌ಕಾರ್ಡ್ 50 ಕೊಳ್ಳುವ ಮುಂಚೆ ಮಾತ್ರ ಎರಡು ಸಲ ಯೋಚಿಸಿ. ಹೆಸರು ಕೇಳಿ ಎಲ್ಲದಕ್ಕೂ ಅರ್ಧ ದುಡ್ಡು ಅಂದುಕೊಳ್ಳುತ್ತಾರೆ. ಅರ್ಧ ಸಿಗುವುದು ಫ್ಲೆಕ್ಸ್‌ಪ್ರೈಸ್ ಮೇಲೆ. ಅಗ್ಗದ ಟಿಕೆಟ್‌ಗಳ ಮೇಲೆ ಇದಕ್ಕೂ 25 ಶೇಕಡಾವೇ. ಅಗ್ಗದ್ದನ್ನೇ ಹುಡುಕುವ ನಮ್ಮಂಥವರಿಗೆ ಇದು ದಂಡ.

ಮೂರು ತಿಂಗಳ ಪ್ರಯೋಗದ ಕಾರ್ಡೂ ಇದೆ. ಊರಿಂದ ಅಪ್ಪ-ಅಮ್ಮ ಬೇಸಿಗೆಗೆ ಬಂದು ಎರಡು ತಿಂಗಳು ಸುತ್ತಾಡುವುದಾದರೆ ಅದು ಸರಿಯಾಗಿ ಹೊಂದುತ್ತದೆ. ಎಚ್ಚರ ಒಂದೇ. ಈ ಕಾರ್ಡ್‌ಗಳು ತಾವಾಗಿಯೇ ನವೀಕರಣ ಆಗುತ್ತವೆ. ಮೂರು ತಿಂಗಳದ್ದು ಮುಗಿದ ಮೇಲೆ ಪೂರ್ತಿ ವರ್ಷದ ಕಾರ್ಡಾಗಿ ಬದಲಾಗಿ ಬಿಲ್ ಬರುತ್ತದೆ. ಅಷ್ಟರಲ್ಲಿ ಅಪ್ಪ-ಅಮ್ಮ ಊರಲ್ಲಿ ಗಣೇಶನ ಹಬ್ಬ ಮಾಡುತ್ತಿರುತ್ತಾರೆ. ಕಾರ್ಡ್ ಕೊಂಡ ದಿನವೇ ರದ್ದು ಮಾಡುವ ಅರ್ಜಿ ಹಾಕಿಬಿಡಿ. ಅವಧಿ ಮುಗಿಯುವವರೆಗೂ ಕಾರ್ಡ್ ನಡೆಯುತ್ತದೆ.

ಮಕ್ಕಳು, ಗುಂಪು, ಹೆಸರು

ಆರು ತುಂಬದ ಮಕ್ಕಳಿಗೆ ಟಿಕೆಟ್ಟೇ ಬೇಡ. 6ರಿಂದ 14ರ ಮಕ್ಕಳು ದೊಡ್ಡವರ ಜೊತೆ ಪುಕ್ಕಟೆ ಬರುತ್ತಾರೆ. ಆದರೆ ಬುಕ್ ಮಾಡುವಾಗಲೇ ಅವರನ್ನು ಟಿಕೆಟ್‌ನಲ್ಲಿ ಸೇರಿಸಬೇಕು. ಪುಕ್ಕಟೆ ತಾನೇ ಅಂತ ಸೇರಿಸದೆ ಹೋದರೆ ರೈಲಿನಲ್ಲಿ ತಕರಾರು.

ಕನ್ನಡ ಸಂಘದ ದೀಪಾವಳಿಗೆ, ಯುಗಾದಿಗೆ ಅಂತ ಒಟ್ಟಿಗೆ ಹೊರಡುವವರು ಆರು ಜನ ಆದರೆ ಗುಂಪಿನ ದರವನ್ನೂ ನೋಡಿ. ಹತ್ತಿರದ ಊರಾದರೆ ಆಯಾ ರಾಜ್ಯದ ದಿನದ ಟಿಕೆಟ್ ಇನ್ನೂ ಲೇಸು. ಬವೇರಿಯಾದ ಬಾಯರ್ನ್-ಟಿಕೆಟ್‌ನಲ್ಲಿ ಐದು ಜನ ಇಡೀ ದಿನ ಸುತ್ತಬಹುದು. ವಾರದ ದಿನಗಳಲ್ಲಿ ಬೆಳಗ್ಗೆ 9ರ ನಂತರ ಮಾತ್ರ, ಮತ್ತು ಐಸಿಇಯಲ್ಲಿ ನಡೆಯುವುದಿಲ್ಲ.

ಟಿಕೆಟ್‌ನಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಲಿ. ನಮ್ಮವರ ಇನಿಷಿಯಲ್ ಪುರಾಣ ಗೊತ್ತಲ್ಲ. ಒಂದು ಕಡೆ ಊರಿನ ಹೆಸರು ಮುಂದೆ, ಇನ್ನೊಂದು ಕಡೆ ಅಪ್ಪನ ಹೆಸರು ಹಿಂದೆ. ಪರೀಕ್ಷಕರು ಟಿಕೆಟ್ ಜೊತೆ ಗುರುತಿನ ಚೀಟಿ ಕೇಳಬಹುದು. ನಿಮ್ಮ ಟಿಕೆಟ್ಟನ್ನು ಗೆಳೆಯನಿಗೆ ದಾಟಿಸಲೂ ಆಗುವುದಿಲ್ಲ.

ಟಿಕೆಟ್ ಇದ್ದರೆ ಸೀಟು ಇದ್ದ ಹಾಗಲ್ಲ

ನಮ್ಮೂರಿನಿಂದ ಬಂದವರು ಎಡವುವುದೇ ಇಲ್ಲಿ. ನಮಗೆ ಕನ್ಫರ್ಮ್ ಟಿಕೆಟ್ ಅಂದರೆ ಕೋಚ್ ನಂಬರ್, ಸೀಟ್ ನಂಬರ್ ಎಲ್ಲ ಸೇರಿಯೇ ಬರುತ್ತದೆ. ಇಲ್ಲಿ ಎರಡನೇ ದರ್ಜೆಯ ಟಿಕೆಟ್ ಅಂದರೆ ಆ ರೈಲು ಹತ್ತುವ ಹಕ್ಕು ಅಷ್ಟೇ. ಸೀಟು ಬೇಕಾದರೆ ಬೇರೆ ದುಡ್ಡು, ಒಬ್ಬರಿಗೆ 5.50 ಯೂರೊ ಆಸುಪಾಸು. ಮಂಗಳವಾರ ಮಧ್ಯಾಹ್ನ ಒಬ್ಬರೇ ಹೋಗುವಾಗ ನಾನು ಈ ದುಡ್ಡು ಉಳಿಸುತ್ತೇನೆ. ವಯಸ್ಸಾದವರು ಜೊತೆಗಿದ್ದರೆ, ಮಕ್ಕಳಿದ್ದರೆ, ಅಥವಾ ಅದು ಶುಕ್ರವಾರವಾಗಿದ್ದರೆ ಖಂಡಿತ ಉಳಿಸುವುದಿಲ್ಲ. ಬಾಗಿಲ ಬಳಿ ಸೂಟ್‌ಕೇಸ್ ಮೇಲೆ ನಾಲ್ಕು ಗಂಟೆ ಕೂತು ಬರ್ಲಿನ್ ತಲುಪಿದ ಮೇಲೆ 5.50 ಯೂರೊ ದೊಡ್ಡದೇನಲ್ಲ ಅನ್ನಿಸುತ್ತದೆ.

ಡಾಯ್ಚ್‌ಲಾಂಟ್-ಟಿಕೆಟ್ ಜೊತೆ ಬೆರೆಸುವುದು

ಎಷ್ಟೋ ಜನರ ಬಳಿ ತಿಂಗಳ ಡಾಯ್ಚ್‌ಲಾಂಟ್-ಟಿಕೆಟ್ ಇದ್ದೇ ಇರುತ್ತದೆ. 2023ರ ಮೇನಲ್ಲಿ 49 ಯೂರೊಗೆ ಶುರುವಾಯಿತು. 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ದೇಶದ ಎಲ್ಲ ಸ್ಥಳೀಯ ರೈಲು, ಟ್ರಾಮ್, ಬಸ್ಸಿಗೆ ನಡೆಯುತ್ತದೆ. ಐಸಿಇ, ಐಸಿಗಳಿಗೆ ಇಲ್ಲ.

ಇದೊಂದನ್ನೇ ಇಟ್ಟುಕೊಂಡು ಕಾರ್ಲ್ಸ್‌ರೂಹೆಯಿಂದ ಬರ್ಲಿನ್‌ಗೆ ಹೋಗಬಹುದಾ? ಹೋಗಬಹುದು. ಬೆಳಗ್ಗೆ ಹೊರಟರೆ ರಾತ್ರಿ, ನಡುವೆ ಐದಾರು ಸಲ ರೈಲು ಬದಲಿಸಿ. ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಚೆನ್ನ.

ಜಾಣತನ ಇರುವುದು ಬೆರೆಸುವುದರಲ್ಲಿ. ಮನೆಯಿಂದ ದೊಡ್ಡ ಸ್ಟೇಷನ್‌ವರೆಗೆ ತಿಂಗಳ ಟಿಕೆಟ್, ಅಲ್ಲಿಂದ ಮುಂದೆ ಸೂಪರ್ ಶ್ಪಾರ್‌ಪ್ರೈಸ್. ಐದೋ ಹತ್ತೋ ಯೂರೊ ಉಳಿಯುತ್ತದೆ. ಆದರೆ ಇವು ಎರಡು ಬೇರೆ ಬೇರೆ ಟಿಕೆಟ್. ಸ್ಥಳೀಯ ರೈಲು ತಡವಾಗಿ ಐಸಿಇ ತಪ್ಪಿದರೆ ಹೊಣೆ ನಿಮ್ಮದೇ. ಮನೆಯಿಂದ ಕೊನೆಯ ಊರಿನವರೆಗೆ ಒಂದೇ ಟಿಕೆಟ್ ಕೊಂಡಿದ್ದರೆ ಮುಂದಿನ ಐಸಿಇಗೆ ಹತ್ತಬಹುದಿತ್ತು. ಹಾಗಾಗಿ ಮೊದಲು ಎರಡೂ ಬೆಲೆ ನೋಡಿ. ವ್ಯತ್ಯಾಸ ಮೂರು ಯೂರೊ ಆದರೆ ಒಂದೇ ಟಿಕೆಟ್ ಕೊಳ್ಳಿ. ಹತ್ತು ಯೂರೊ ಆದರೆ ಬೆರೆಸಿ, ನಡುವೆ ಒಂದು ಗಂಟೆ ಬಿಡಿ.

ಬೇರೆ ಅಂಗಡಿಗಳು

ಡಾಯ್ಚ ಬಾನ್ ಒಂದೇ ಅಲ್ಲ. 2018ರಿಂದ ಹಸಿರು ಬಣ್ಣದ ಫ್ಲಿಕ್ಸ್‌ಟ್ರೈನ್ ಓಡುತ್ತಿದೆ. ದೊಡ್ಡ ಊರುಗಳ ನಡುವೆ ಎಷ್ಟೋ ಸಲ ಅದೇ ಅಗ್ಗ. ದಿನಕ್ಕೆ ಓಡುವ ರೈಲುಗಳು ಕಡಿಮೆ, ಅಷ್ಟೇ. ಮ್ಯೂನಿಕ್‌ನಿಂದ ವಿಯೆನ್ನಾಕ್ಕೆ ಆಸ್ಟ್ರಿಯಾದ ಖಾಸಗಿ ರೈಲು ವೆಸ್ಟ್‌ಬಾನ್ ನೋಡಿ. ಗಡಿ ದಾಟುವಾಗ ಆ ಕಡೆಯ ದೇಶದ ರೈಲ್ವೆ ವೆಬ್‌ಸೈಟನ್ನೂ ತೆರೆಯಿರಿ. ಬರ್ಲಿನ್‌ನಿಂದ ಪ್ರಾಗ್‌ಗೆ ಜೆಕ್ ರೈಲ್ವೆ, ಆಸ್ಟ್ರಿಯಾ ಕಡೆಗೆ ಓಬಿಬಿ. ಅದೇ ರೈಲು, ಬೆಲೆ ಬೇರೆ. ಅಂಗಡಿಗಳಲ್ಲಿ ಸಿಗುವ ರಿಯಾಯಿತಿ ಕೂಪನ್‌ಗಳನ್ನು ಜರ್ಮನ್ನರು ಬಿಡುವುದಿಲ್ಲ. 2005ರಲ್ಲಿ ಲಿಡ್ಲ್ ಸೂಪರ್‌ಮಾರ್ಕೆಟ್ ರೈಲು ಟಿಕೆಟ್ ಮಾರಿದಾಗ ಕೆಲವೇ ಗಂಟೆಯಲ್ಲಿ ಖಾಲಿಯಾಗಿತ್ತು. ಕೂಪನ್ ಸಿಕ್ಕರೆ ಕನಿಷ್ಠ ಎಷ್ಟು ಬೆಲೆಯ ಟಿಕೆಟ್‌ಗೆ ನಡೆಯುತ್ತದೆ ಅಂತ ಮೊದಲು ಓದಿ.

ಬೆಂಗಳೂರಿನಿಂದ ಇಳಿಯುವ ದಿನ

ಆ ದಿನ ಮಾತ್ರ ಸೂಪರ್ ಶ್ಪಾರ್‌ಪ್ರೈಸ್ ಆಸೆ ಬಿಡಿ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಮೊದಲ ಟರ್ಮಿನಲ್‌ಗೆ ಅಂಟಿಕೊಂಡೇ ದೂರದ ರೈಲಿನ ಸ್ಟೇಷನ್ ಇದೆ ನಿಜ. ನಡೆದರೆ ಹತ್ತು ಹದಿನೈದು ನಿಮಿಷ. ಆದರೆ ವಿಮಾನ ತಡವಾಗಬಹುದು, ಇಮಿಗ್ರೇಷನ್ ಸಾಲು ಬೆಳೆಯಬಹುದು, ಉಪ್ಪಿನಕಾಯಿ ಇರುವ ಬ್ಯಾಗ್ ಕೊನೆಗೆ ಬರಬಹುದು. ವಿಮಾನದ ಟಿಕೆಟ್ ಕೊಳ್ಳುವಾಗಲೇ ಅದರ ಜೊತೆಗೇ ಸಿಗುವ ರೈಲು ಟಿಕೆಟ್, ರೈಲ್ ಅಂಡ್ ಫ್ಲೈ, ಸೇರಿಸಲು ಆಗುತ್ತದಾ ನೋಡಿ. ಸಿಕ್ಕರೆ ಅದನ್ನೇ ತಗೊಳ್ಳಿ, ಅದು ಒಂದೇ ರೈಲಿಗೆ ಕಟ್ಟಿಹಾಕುವುದಿಲ್ಲ. ಇಲ್ಲದಿದ್ದರೆ ಇಳಿದ ಮೇಲೆ, ಬ್ಯಾಗ್ ಕೈಗೆ ಬಂದ ಮೇಲೆ ಫೋನ್‌ನಲ್ಲೇ ಕೊಳ್ಳಿ. ಮೊದಲೇ ಕೊಂಡೇ ತೀರುತ್ತೇನೆ ಅನ್ನುವವರು ಇಳಿಯುವ ಸಮಯಕ್ಕಿಂತ ಮೂರು ಗಂಟೆ ನಂತರದ ರೈಲು ಆರಿಸಿ.

ರೈಲು ತಡವಾದರೆ

ಅಗ್ಗದ ಟಿಕೆಟ್ ಅಂತ ಹಕ್ಕು ಕಡಿಮೆ ಆಗುವುದಿಲ್ಲ. ಕೊನೆಯ ಊರನ್ನು 20 ನಿಮಿಷ ಅಥವಾ ಅದಕ್ಕಿಂತ ತಡವಾಗಿ ಮುಟ್ಟುವುದು ಖಚಿತವಾದರೆ, ನಿಮ್ಮನ್ನು ಒಂದೇ ರೈಲಿಗೆ ಕಟ್ಟಿದ ಕಟ್ಟು ಬಿಚ್ಚಿಕೊಳ್ಳುತ್ತದೆ. ಬೇರೆ ಐಸಿಇಯನ್ನೂ ಹತ್ತಬಹುದು. ಆ್ಯಪ್‌ನಲ್ಲಿ ಟಿಕೆಟ್ ತೆರೆದರೆ ಕಟ್ಟು ಬಿಚ್ಚಿದ ವಿಷಯ ಸಾಮಾನ್ಯವಾಗಿ ಅಲ್ಲೇ ಕಾಣುತ್ತದೆ. ಹತ್ತುವ ಮೊದಲು ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಪರೀಕ್ಷಕರಿಗೆ ತೋರಿಸಲು ಬೇಕಾಗುತ್ತದೆ.

60 ನಿಮಿಷ ತಡವಾದರೆ ಕಾಲು ಭಾಗ, 120 ನಿಮಿಷವಾದರೆ ಅರ್ಧ ಹಣ ವಾಪಸ್. ಮೂರು ತಿಂಗಳೊಳಗೆ ಕೇಳಬೇಕು. ಆ್ಯಪ್‌ನಲ್ಲಿ ಅದೇ ಟಿಕೆಟ್‌ನ ಕೆಳಗೆ ಅರ್ಜಿ ಇರುತ್ತದೆ, ಎರಡು ನಿಮಿಷದ ಕೆಲಸ. ವೋಚರ್ ಬೇಕಾ, ಬ್ಯಾಂಕಿಗೆ ಹಾಕಬೇಕಾ ಅಂತ ಕೇಳಿದಾಗ ಬ್ಯಾಂಕ್ ಆರಿಸಿ. 4 ಯೂರೊಗಿಂತ ಕಡಿಮೆ ಆದರೆ ಕೊಡುವುದಿಲ್ಲ. 12.99 ಯೂರೊ ಟಿಕೆಟ್ ಹಿಡಿದವರು ಒಂದು ಗಂಟೆ ತಡಕ್ಕೆ ಏನೂ ನಿರೀಕ್ಷಿಸುವ ಹಾಗಿಲ್ಲ. ಎರಡು ಗಂಟೆ ತಡವಾದರೆ ಆರೂವರೆ ಯೂರೊ ಬರುತ್ತದೆ.